ಪಾಲು ಹೊಡೆದವನು

ಇವತ್ತು ನಮ್ಮನೆಯಲ್ಲಿ ನಡೆದದ್ದು ಕಳ್ಳತನವೋ ಅಲ್ಲವೋ, ಗೆಳತಿಯರೇ, ನೀವೇ ಹೇಳಿ.

ಪಿಯುಸಿ ಓದುವ ನನ್ನ ತಮ್ಮ, ಮೊಳಕಾಲ್ಮುರಿನ ಗೆಳೆಯನ ಜೊತೆ ಬೆಳಿಗ್ಗೆಯಿಂದ ಒಂದೇ ಸಿಡಿ ನೋಡುತ್ತಿದ್ದ. ಸೋಡಾಗ್ಲಾಸ್ ಕನ್ನಡಕದ ಪುಸ್ತಕದ ಹುಳುಗಳು ಬ್ಯಾಂಕ್ ದೋಚುವ ತಮಾಷೆ ಸಿನಿಮಾ. ರಾತ್ರಿಯಿಡೀ ಮಗು ಮಲಗಗೊಡದೆ ನಾನು ಗೋಡೆಗೊರಗಿ ತೂಕಡಿಸುತ್ತಿದ್ದೆ. ಗೆಳೆಯ ಪಿಸುಗುಟ್ಟಿದ: "ಪಾಲು ಪೂರ್ತಿ ನಾನೇ ಹೊಡೆದ್ಬಿಟ್ಟೆ ಕಣ್ಲೇ. ಅಕ್ಕಂಗೆ ಗೊತ್ತಾದ್ರೆ ಐತೆ ನಮಗೆ."

ನಾನು ನೆಟ್ಟಗೆ ಎದ್ದು ಕೂತೆ. "ಎಲ್ಲಿ ಕದ್ರೋ? ಯಾರ ಪಾಲು?"

"ಪಾಪೂದು, ಅಕ್ಕಾ. ಬಟ್ಲಾಗೆ ಇತ್ತು, ಕುಡಿದ್ಬಿಟ್ಟೆ."

ಆ ಗೆಳೆಯನ ಮನೆಮಾತು ತೆಲುಗು. ಪಾಲು ಎಂದರೆ ಹಾಲಂತೆ.

ಪೊಲೀಸರು ಬರುವುದಿಲ್ಲವೆಂದು ನಗಲೋ, ಇಬ್ಬರಿಗೂ ಬಾರಿಸಲೋ, ತಿಳಿಯುತ್ತಿಲ್ಲ. ತನ್ನ ಪಾಲು ಕೇಳುವವಳು ಮಾತ್ರ ತೊಟ್ಟಿಲಲ್ಲಿ ಕಿರುಚುತ್ತಿದ್ದಾಳೆ.