ಭಂಡಾರ ಬಿದ್ದ ಡಿಸ್ಕ್

ಹೋದ ವರ್ಷ ಆಯುಧಪೂಜೆಯ ಖಂಡೇನವಮಿಗೆ ಮುಂಚಿನ ಸೋಮವಾರ ಮಧ್ಯಾಹ್ನ, ಅಕ್ಕಲಕೋಟ ರಸ್ತೆಯಲ್ಲಿ ಕುಂಭಾರಿಯ ಹತ್ತಿರ, ಮೂವರು ನನ್ನ ಸೋದರಮಾವನನ್ನು ಕೆಡವಿ ಬಲಗೈ ಮುರಿದರು. ಒಬ್ಬ ಎದೆಯ ಮೇಲೆ ಕೂತ. ಒಬ್ಬ ಮೊಣಕೈಯನ್ನು ಕಲ್ಲಿಗೆ ಒತ್ತಿ ಹಿಡಿದ. ಮೂರನೆಯವನು, ತಲೆಯಿಂದ ರಕ್ತ ಸುರಿಯುತ್ತಿದ್ದವನು, ಮಾವನದೇ ಕೋಲಿನಿಂದ ಹೊಡೆದ. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು.

ಮಾವ ಬೋರಾಮಣಿಯ ಕುರಿಗಾರ. ಹಿಂಡು ಆ ಮೂವರ ಹೊಲಕ್ಕೆ ನುಗ್ಗಿತ್ತು ಎಂಬುದನ್ನು ಎರಡೂ ಕಡೆಯವರು ಒಪ್ಪಿದ್ದರು. ಹೊಲದವನ ತಲೆ ಒಡೆದದ್ದು ಹೇಗೆ ಎಂಬಲ್ಲಿ ಮಾತು ಬೇರೆಯಾಯಿತು. ಮಾವನೇ ಮೊದಲು ಹೊಡೆದನೆಂದು ಅವರು ದೂರು ಕೊಟ್ಟರು. ತಾನು ಕೋಲನ್ನು ಎತ್ತಲೇ ಇಲ್ಲ, ಅವನು ಎಡವಿ ಕಲ್ಲಿನ ಮೇಲೆ ಬಿದ್ದ ಎಂದು ಮಾವ ಡಾಕ್ಟರಿಗೂ ಪೊಲೀಸರಿಗೂ ಹೇಳಿದ. ನಾನು ಸೋಲಾಪುರದಲ್ಲಿ ವರದಿಗಾರ. 'ಎಂದು ದೂರಿದ್ದಾರೆ' ಎಂಬ ಮಾತನ್ನು ಎರಡೂ ಕಡೆಗೆ ಹಚ್ಚಿ ಸುದ್ದಿ ಕಳುಹಿಸಿದೆ.

ಜಗಳ ನಡೆದದ್ದು ನನ್ನ ತಮ್ಮನ ಕಂಪ್ಯೂಟರ್ ಅಂಗಡಿಯ ಎದುರಿಗೆ. ಬಾಗಿಲ ಮೇಲಿನ ಕ್ಯಾಮೆರಾ ಕಂಡದ್ದೆಲ್ಲ ಒಳಗಿನ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ತಮ್ಮ ಆ ಹೊತ್ತಿಗೆ ಅಕ್ಕಲಕೋಟಕ್ಕೆ ಹೋಗಿದ್ದ, ಆಮೇಲೆ ಮಾವನ ಜೊತೆ ಆಸ್ಪತ್ರೆಯಲ್ಲೇ ಉಳಿದ. ರೆಕಾರ್ಡಿಂಗ್ ಇದೆ ಎಂದು ಠಾಣೆಯಲ್ಲಿ ಬರೆದುಕೊಟ್ಟವನು ಮಾವನ ಮಗ. ಅದನ್ನು ಯಾರೂ ನೋಡಿರಲಿಲ್ಲ. ಮಾವ ಜೈಲಿಗೆ ಹೋಗುವುದು ಬಿಡುವುದು ಅದರ ಮೇಲೆ ನಿಂತಿತ್ತು.

ಖಂಡೇನವಮಿಯಂದು ನಮ್ಮವರು ಕತ್ತರಿ, ಕೊಡಲಿ, ಬೈಕು ಎಲ್ಲಕ್ಕೂ ನಮ್ಮ ಕುಲದೇವರು ಬೀರೋಬಾನ ಅರಿಶಿನ, ಅಂದರೆ ಭಂಡಾರ, ಹಚ್ಚುತ್ತಾರೆ. ಪೂಜೆಯ ಹೊತ್ತಿಗೆ ಈ ಹತ್ಯಾರಗಳಿಗೆ ಕೆಲಸ ಕೊಡುವುದಿಲ್ಲ. ತಮ್ಮ ಮಾತ್ರ ಕಂಪ್ಯೂಟರ್ ಬಂದ್ ಮಾಡಲಿಲ್ಲ, ಪರದೆಯ ಮೇಲೆ ಬೀರೋಬಾನ ಫೋಟೊ ಇಟ್ಟಿದ್ದ. ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದ ಮಾವ, ಅದು ತನ್ನ ಸಾಕ್ಷಿಯೆಂದು, ಮುರಿದ ಕೈಯಿಂದ ಕೈಮುಗಿಯಲಾಗದೆ ಅದಕ್ಕೆ ತಲೆಬಾಗಿ, ಎಡಗೈಯಿಂದ ಮುಷ್ಟಿ ಮುಷ್ಟಿ ಭಂಡಾರ ತೂರಿದ. ಫ್ಯಾನು ಅದನ್ನೆಲ್ಲ ಒಳಗೆ ಎಳೆದುಕೊಂಡಿತು. ಅಪ್‌ಡೇಟ್ ನಡೆಯುತ್ತಿರುವಾಗಲೇ ಯಂತ್ರ ಬಿಸಿಯೇರಿ ನಿಂತಿತು. ಮತ್ತೆ ಏಳಲಿಲ್ಲ.

ದಸರಾ ಮುಗಿದ ಮೇಲೆ ತಮ್ಮ ಬಿಚ್ಚಿ ಕೂತ. ಡಿಸ್ಕಿನ ಮೊದಲ ಸಣ್ಣ ಭಾಗದಲ್ಲಿ ಯಂತ್ರವನ್ನು ಎಬ್ಬಿಸುವ ಕಡತಗಳಿರುತ್ತವೆ, ಅದೇ ಬೂಟ್ ಪಾರ್ಟಿಶನ್. ಕೆಟ್ಟದ್ದು ಅದೊಂದೇ. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಚ್ಚಿ ನೋಡಿದ. ಹಳೆಯ ಯಂತ್ರದ ತಂತ್ರಾಂಶವಿಲ್ಲದೆ ಕ್ಯಾಮೆರಾದ ಚಿತ್ರಗಳು ಅಲ್ಲಿ ತೆರೆಯಲಿಲ್ಲ. ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಆ ಸಣ್ಣ ಭಾಗವನ್ನು ಅಳಿಸಿ, ಅದೇ ಜಾಗದಲ್ಲಿ ಹೊಸದು ಕಟ್ಟಬೇಕಿತ್ತು. ಪಕ್ಕದ ಭಾಗ ಆರಿಸಿ ಅಳಿಸಿದರೆ ಸಾಕ್ಷಿ ಹೋಗುತ್ತಿತ್ತು.

ಮಾವನ ಮಗ ಬೆನ್ನ ಹಿಂದೆ ನಿಂತಿದ್ದ, ಮಾವನೂ ನಾನೂ ಗೋಡೆಯ ಪಕ್ಕ ಕೂತಿದ್ದೆವು. "ಇನ್ನೊಂದ ಮುಷ್ಟಿ ಭಂಡಾರ ಒಗಿಲೇನೋ, ಇಂಜಿನಿಯರಾ?"

"ನೀ ಹಿಂದಕ ಸರಿ. ಅಷ್ಟ ಮಾಡ, ಸಾಕು."

ತಮ್ಮ ಹಳೆಯದನ್ನು ಅಳಿಸಿದ, ಹೊಸದನ್ನು ಮಾಡಿದ, ಫಾರ್ಮ್ಯಾಟ್ ಮಾಡಿ ಬೂಟ್ ಕಡತಗಳನ್ನು ಬರೆಸಿದ. ಪೆನ್‌ಡ್ರೈವ್ ಕಿತ್ತು ಗುಂಡಿ ಒತ್ತಿದಾಗ ವಿಂಡೋಸ್ ತೆರೆಯಿತು. ಸೋಮವಾರದ ಚಿತ್ರವೂ ಇತ್ತು.

ಅದಕ್ಕೆ ಧ್ವನಿ ಇರಲಿಲ್ಲ. ಹೊಲದವನು ಕೊಡಲಿಯ ಹಿಂಬದಿಯಿಂದ ಟಗರಿನ ಹಿಂಗಾಲಿಗೆ ಹೊಡೆದ. ಟಗರು ಕುಸಿಯಿತು. ಮಾವ ಓಡಿ ಬಂದು ಅವನ ತಲೆಗೆ ಕೋಲು ಹಾಕಿದ. ಬಿದ್ದ ಮೇಲೂ ಹಾಕಿದ. ಆಮೇಲೆ ಉಳಿದಿಬ್ಬರು ಬಂದರು.

"ಟಗರಿನ ಕಾಲ ಮುರದಿದ್ದ," ಎಂದ ಮಾವ. "ಹೊಡದೀನಿ."

ಮಗ ತಮ್ಮನಿಗೆ ಹೇಳಿದ: "ಅಳಿಸಿಬಿಡು."

"ಐತಿ ಅಂತ ನೀನ ಬರಕೊಟ್ಟಿ. ಈಗ ಅಳಿಸಿದ್ರ ನಾ ಒಳಗ ಹೋಗ್ತೀನಿ."

ಮಗ ಕಬ್ಬಿಣದ ಸ್ಟೂಲು ಎತ್ತಿ ತಮ್ಮನ ಮುಖಕ್ಕೆ ಬೀಸಿದ. ಮುಂದಿನ ಹಲ್ಲು ಮುರಿದು ಕೀಬೋರ್ಡಿನ ಮೇಲೆ ಬಿತ್ತು. ಎರಡನೆಯ ಏಟು ಯಂತ್ರಕ್ಕಿತ್ತು. ತಮ್ಮ ಅದನ್ನು ತಬ್ಬಿ ಮಲಗಿದ್ದರಿಂದ ಬೆನ್ನಿಗೆ ಬಿತ್ತು. ಮಾವ ಎಡಗೈಯಲ್ಲಿ ಮಗನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ನಾನು ಹಿಡಿಯುವಷ್ಟರಲ್ಲಿ ಮತ್ತೆ ಅಪ್ಪಳಿಸಿದ. ಗೋಡೆಯ ಕ್ಯಾಲೆಂಡರಿಗೆ ರಕ್ತ ಹತ್ತಿತು.

"ಸಾಕ್ರಿ, ಮಾವಾ."

ಮಾವ ಮಗನನ್ನು ಬಿಟ್ಟು ತಮ್ಮನ ಕಡೆ ತಿರುಗಿದ. "ಅದನ್ನ ತೊಗೊಂಡ ನಡಿ ಠಾಣ್ಯಾಕ."

ಡಿಸ್ಕ್ ಪೊಲೀಸರ ವಶದಲ್ಲಿದೆ. ಕೈ ಮುರಿದದ್ದು, ತಲೆ ಒಡೆದದ್ದು, ಎರಡೂ ಪ್ರಕರಣಗಳು ಸೋಲಾಪುರದ ನ್ಯಾಯಾಲಯದಲ್ಲಿವೆ. ಮಾವ ಜಾಮೀನಿನ ಮೇಲಿದ್ದಾನೆ. ಮಗ ಮನೆಗೆ ಬಂದಿಲ್ಲ.