ದರ್ಜಿಯ ಮಗ ಫುಟ್‌ಬಾಲ್ ಕಲಿಸಿದ್ದು

ಮದರಾಸು ಸರ್ಕಾರದ ಆ ಕಾಲದಲ್ಲಿ ನಮ್ಮ ಜಿಲ್ಲೆಯ ಹೈಸ್ಕೂಲು ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದವರು ನಾನಾ ಕಡೆಯಿಂದ ಬಂದವರು. ಒಬ್ಬರು ಪಲ್ಟನ್ ಬಿಟ್ಟು ಬಂದ ಹವಾಲ್ದಾರರು, ಒಬ್ಬರು ರೈಲ್ವೆಯಲ್ಲಿದ್ದಾಗ ದೊರೆಗಳ ಜೊತೆ ಆಡಿದವರು, ಇನ್ನೊಬ್ಬರು ಮದರಾಸಿನಿಂದ ಡ್ರಿಲ್ ಸರ್ಟಿಫಿಕೇಟು ತಂದವರು. ಮಡಕಶಿರಾದ ಹುಡುಗರಿಗೆ ಸಿಕ್ಕವನು ನಾನು, ರಾಯದುರ್ಗದ ದರ್ಜಿಯ ಮಗ. ನಮ್ಮ ವಂಶದಲ್ಲಿ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ನಾನು ಹಗಲು ಕಾಲೇಜಿಗೆ ಹೋಗಿ, ಸಂಜೆ ಯಾರದೋ ಅಂಗಡಿಯಲ್ಲಿ ಅಂಗಿಗಳ ಗುಂಡಿ ತೂತಿಗೆ ಕಾಜ ಹೊಲಿದು ಬಿ.ಎ. ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ಸೇರಿದ್ದು ಚರಿತ್ರೆ ಪಾಠ ಮಾಡಲು. ಡ್ರಿಲ್ ಮಾಸ್ತರರು ವರ್ಗವಾಗಿ ಹೋದಾಗ, ಕಾಲೇಜಿನಲ್ಲಿ ನಾನೂ ಒಂದಿಷ್ಟು ಚೆಂಡು ಒದ್ದವನೆಂದು ಹೆಡ್‌ಮಾಸ್ತರರು ತಂಡವನ್ನು ನನಗೆ ಒಪ್ಪಿಸಿದರು. "ಬೇಸಿಗೆ ರಜೆಯವರೆಗೆ ನೋಡೋಣ. ಟ್ರೈನಿಂಗ್ ಆದವರು ಸಿಕ್ಕರೆ ಆಮೇಲೆ ಅವರಿಗೆ" ಎಂದರು. ಒಂದೇ ವಾರದಲ್ಲಿ ಆ ತಂಡವನ್ನು ಯಾರಿಗೂ ಬಿಟ್ಟುಕೊಡಬಾರದು ಎನ್ನಿಸಿಬಿಟ್ಟಿತು.

ಆದರೆ ಹುಡುಗರ ಆಟ ಹೇಗಿತ್ತೆಂದರೆ, ಕಡಲೆಕಾಯಿ ಹೊಲಕ್ಕೆ ನುಗ್ಗಿದ ಹಂದಿಯನ್ನು ಅಟ್ಟುವ ಹಾಗೆ ಎಲ್ಲರೂ ಬರಿಗಾಲಲ್ಲಿ ಚೆಂಡಿನ ಹಿಂದೆ ಒಟ್ಟಿಗೇ ಓಡುತ್ತಿದ್ದರು. ನನಗೆ ನೆನಪಾದದ್ದು ಅಪ್ಪನ ದರ್ಜಿ ಅಂಗಡಿ. ಅಲ್ಲಿ ಕತ್ತರಿ ಹಿಡಿದವನು ಕಾಜಕ್ಕೆ ಕೈ ಹಾಕುವುದಿಲ್ಲ, ಕಾಜದವನು ಮಿಷನ್ ತುಳಿಯುವುದಿಲ್ಲ. ಬಟ್ಟೆಯ ಮೇಲೆ ಗುರುತು ಹಾಕುವಂತೆ ಮೈದಾನಕ್ಕೆ ಸುಣ್ಣದ ಗೆರೆ ಎಳೆದು, ಒಬ್ಬೊಬ್ಬನಿಗೆ ಒಂದೊಂದು ತುಂಡು ಹಂಚಿದೆ. "ಗೆರೆ ದಾಟಿದರೆ ಕಾಲು ಮುರೀತೀನಿ" ಎಂದೆ. ಹುಡುಗರು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದರು. ಕೆಟ್ಟದ್ದೇ ಅಲ್ಲಿ.

ಪಕ್ಕದ ತಾಲೂಕಿನ ತಂಡ ಬಂತು. ಅದಕ್ಕೆ ಕಲಿಸುತ್ತಿದ್ದವರು ಆ ಹವಾಲ್ದಾರರು. ಆಟದ ನಡುವೆ ಚೆಂಡು ಉರುಳಿ ಬಂದು ಸರಿಯಾಗಿ ಗೆರೆಯ ಮೇಲೆ ನಿಂತಿತು. ಆಚೆ ಒಬ್ಬ, ಈಚೆ ಒಬ್ಬ, ಇಬ್ಬರೂ ನಮ್ಮವರೇ.

"ಒದಿಯಲೋ!"

"ನಿನ್ ಕಡೀಕೈತೆ, ನೀನೇ ಒದಿ. ನಾನ್ ಬಂದ್ರೆ ಸಾರು ಕಾಲ್ ಮುರೀತಾರೆ!"

ಅಷ್ಟರಲ್ಲಿ ಎದುರಾಳಿ ಹುಡುಗ ಆ ಚೆಂಡನ್ನು ಕೊಂಡೊಯ್ದು ಗೋಲು ಹೊಡೆದ. ಹವಾಲ್ದಾರರು ಮೀಸೆಯಡಿ ನಕ್ಕು, "ಏನ್ ಮಾಸ್ಟ್ರೇ, ಬದುವಿನ ಜಗಳಾನಾ? ಕೋರ್ಟ್ ಅಮೀನರನ್ನ ಕರ್ಸಿ ಅಳೆಸ್ಬಿಡಿ" ಎಂದರು. ನಾವು ಸೋತೆವು. ಮರುದಿನ ಹೆಡ್‌ಮಾಸ್ತರರು, "ಮದರಾಸಿನ ಟ್ರೈನಿಂಗ್ ಆದವರೊಬ್ಬರು ಬರ್ತೀನಿ ಅಂದಿದ್ದಾರೆ. ಯುಗಾದಿ ಆದಮೇಲೆ ಇನ್ನೊಂದು ಸಲ ಆಡ್ತೀರಲ್ಲ, ಅದನ್ನು ನೋಡಿ ಹೇಳ್ತೀನಿ" ಎಂದರು.

ಯುಗಾದಿಗೆ ರಾಯದುರ್ಗಕ್ಕೆ ಹೋದೆ. ಅಂಗಡಿಯಲ್ಲಿ ಹಬ್ಬದ ಬಟ್ಟೆಗಳ ರಾಶಿ. ತಂಗಿಯ ಗಂಡ ಹೊಸದಾಗಿ ಕತ್ತರಿ ಹಿಡಿದಿದ್ದರು. ಅವರ ಕೈ ನೋಡಿ ನನಗೆ ತಡೆಯಲಾಗಲಿಲ್ಲ.

"ಏನ್ರಿ ಅದು, ಗೆರಿ ಮ್ಯಾಲ ಕತ್ತರಿ ಇಡಾಕತ್ತೀರಲ್ಲ? ಹೊಲ್ಯಾಕ ಅಂಚು ಬ್ಯಾಡೇನು? ಎರಡು ತುಂಡು ಒಂದರ ಮ್ಯಾಲ ಒಂದು ಕುಂತ್ರ ತಾನೆ..."

ಮಾತು ಅಲ್ಲಿಗೇ ನಿಂತಿತು.

"ಯಾಕ್ರಿ ಭಾವ, ನಡುವ ನಿಂತ್ರಿ? ಬಿ.ಎ.ದಾಗ ಇಷ್ಟೇ ಕಲಿಸಿದ್ರೇನು?" ಎಂದರು ತಂಗಿಯ ಗಂಡ.

"ಬೈಯೋದಿದ್ರ ಪೂರಾ ಬೈದು ಮುಗಸಪ್ಪ, ಗಿರಾಕಿ ಕಾಯಾಕತ್ಯಾರ" ಎಂದರು ಅಪ್ಪ, ಮಿಷನ್ ನಿಲ್ಲಿಸದೆ. ನನ್ನ ತಲೆ ಆಗಲೇ ಮಡಕಶಿರಾದ ಮೈದಾನದಲ್ಲಿತ್ತು. ಹುಟ್ಟಿದಾಗಿನಿಂದ ಕಂಡ ಕೆಲಸ. ಮೈದಾನವನ್ನು ಮಾತ್ರ ಅಂಚು ಬಿಡದೆ ಕತ್ತರಿಸಿದ್ದೆ.

ವಾಪಸು ಬಂದವನೇ ಪ್ರತಿ ಗೆರೆಯ ಅತ್ತ ಇತ್ತ ಎರಡೆರಡು ಮಾರು ಜಾಗ ಆಚೆ ಈಚೆಯ ಇಬ್ಬರಿಗೂ ಸೇರಿದ್ದು ಎಂದೆ. ಅಲ್ಲಿಗೆ ಚೆಂಡು ಬಂದರೆ ಹತ್ತಿರದವನು ಹೋಗಬೇಕು, ಇನ್ನೊಬ್ಬ ಅವನು ಬಿಟ್ಟ ಜಾಗ ಕಾಯಬೇಕು.

ಹತ್ತಿರದ ಅಗಳಿ ಊರಿನ ಹುಡುಗನೊಬ್ಬ ಅನುಮಾನದಿಂದ ಕೇಳಿದ: "ಹಂಗಾರೆ ಕಾಲ್ ಮುರಿಯಲ್ವಾ ಸಾ?"

"ಇಬ್ಬರೂ ನಿಂತು ನೋಡ್ತಾ ಇದ್ರೆ ಇಬ್ಬರದೂ ಮುರೀತೀನಿ."

ಎರಡನೆಯ ಆಟ ಹವಾಲ್ದಾರರ ತಂಡದ ಊರಿನಲ್ಲಿ; ಅಲ್ಲಿ ನಮ್ಮ ಸುಣ್ಣದ ಗೆರೆಗಳಿರಲಿಲ್ಲ, ಹುಡುಗರು ಮನಸ್ಸಿನಲ್ಲೇ ಎಳೆದುಕೊಂಡಿದ್ದರು. ಹೆಡ್‌ಮಾಸ್ತರರೂ ಕೊಡೆ ಹಿಡಿದು ಬಂದು ನಿಂತರು. ಎದುರು ತಂಡದವರೇ ಮೊದಲು ಗೋಲು ಹೊಡೆದರು. ಆಮೇಲೆ ನಮ್ಮ ಹಿಂದಿನ ಸಾಲಿನವನೊಬ್ಬ ಚೆಂಡು ಹಿಡಿದು ಗೆರೆ ದಾಟಿ ಮುಂದೆ ನುಗ್ಗಿದ. ಮುಂದಿದ್ದವನು ನಾನು ಕೂಗುವ ಮೊದಲೇ ಹಿಂದಕ್ಕೆ ಓಡಿ ಅವನ ಜಾಗದಲ್ಲಿ ನಿಂತ. ನುಗ್ಗಿದವನು ಒದ್ದ ಚೆಂಡು ಅವರ ಗೋಲ್‌ಕೀಪರನ ಕೈ ತಪ್ಪಿಸಿ ಒಳಗೆ ಹೋಯಿತು. ಆಟ ಸರಿಸಮವಾಗಿ ಮುಗಿಯಿತು. ಹವಾಲ್ದಾರರು ಬಂದು ನನ್ನ ಕೈ ಕುಲುಕಿದರು; ಈ ಸಲ ಅಮೀನರ ಮಾತೆತ್ತಲಿಲ್ಲ.

ವಾಪಸು ಬರುವಾಗ, ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಆ ಕಾಲದ ಬಸ್ಸಿನಲ್ಲಿ ಹೆಡ್‌ಮಾಸ್ತರರ ಪಕ್ಕ ಕುಳಿತೆ. ಅವರು ಕೊಡೆ ಮಡಿಸಿ ಕಾಲ ಬಳಿ ಇಟ್ಟುಕೊಂಡರು.

"ಟ್ರೈನಿಂಗ್ ಇಲ್ಲದವರಿಗೆ ತಂಡ ಕೊಡೋಕೆ ರೂಲ್ಸ್ ಒಪ್ಪಲ್ಲ ಕಣ್ರಿ" ಎಂದರು. ನಾನು ತಿರುಗಿ ಹುಡುಗರ ಕಡೆ ನೋಡಿದೆ. "ಅದಕ್ಕೇ ರಜೇಲಿ ಮದರಾಸಿಗೆ ಹೋಗಿ ಮಾಡಿಕೊಂಡು ಬನ್ನಿ. ನಿಮ್ಮ ಹೆಸರೇ ಕಳಿಸ್ತೀನಿ. ಆ ಇನ್ನೊಬ್ಬರಿಗೆ ಜಾಗ ಇಲ್ಲ ಅಂತ ಹೇಳ್ತೀನಿ."

ಹಿಂದೆ ಕುಳಿತ ಹುಡುಗರಿಗೂ ಇದು ಕೇಳಿಸಿತ್ತು. ಯಾರೋ ಒಬ್ಬ, "ಸಾ, ನಾಳೀಕೆ ಪ್ರಾಕ್ಟೀಸ್ ಐತಾ?" ಎಂದ. ಕಾಲು ನೀವಿಕೊಳ್ಳುತ್ತಿದ್ದ ಇನ್ನೊಬ್ಬ ಅವನ ತಲೆಗೆ ಮೊಟಕಿದ.

"ಐತೆ" ಎಂದೆ, ಅವರ ಮಾತಿನಲ್ಲೇ.