ವೈಪರ್ ನಿಂತ ಏಳೆಂಟು ಸೆಕೆಂಡು

ಆ ಬೆಳಿಗ್ಗೆ ಕರಾವಳಿಯ ಊರೊಂದರಲ್ಲಿ ವಿಮಾನ ಇಳಿಸುವಾಗ ನನ್ನ ಕಡೆಯ ವೈಪರ್ ಏಳೆಂಟು ಸೆಕೆಂಡು ನಿಂತುಬಿಟ್ಟಿತು. ಜೋರು ಮಳೆ. ಮೋಡದಿಂದ ಆಗಷ್ಟೇ ಹೊರಬಂದಿದ್ದೆವು, ರನ್‌ವೇ ದೀಪಗಳು ಕಾಣಿಸಿಕೊಂಡಿದ್ದವು. ಅಷ್ಟರಲ್ಲಿ ಕಡ್ಡಿ ಗಾಜಿನ ನಡುಮಧ್ಯೆ ನಿಂತಿತು, ದೀಪಗಳೆಲ್ಲ ಕಲಸಿಹೋದವು. ಪಕ್ಕದ ಕೋಪೈಲಟ್ ಕಡೆ ಚೆನ್ನಾಗಿ ಕಾಣುತ್ತಿತ್ತು. ನೀನೇ ಇಳಿಸಪ್ಪಾ ಅನ್ನಲು ಬಾಯಿ ತೆರೆದೆ, ವೈಪರ್ ಮತ್ತೆ ಓಡತೊಡಗಿತು. ಇಳಿದೆವು. ಪ್ರಯಾಣಿಕರು ಎಂದಿನಂತೆ ಚಕ್ರ ನೆಲಕ್ಕೆ ತಾಗುವ ಮೊದಲೇ ಬೆಲ್ಟ್ ಬಿಚ್ಚಿದರು.

ವಿಮಾನದಲ್ಲಿ ಒಂದು ಪುಸ್ತಕವಿರುತ್ತದೆ, ಟೆಕ್ ಲಾಗ್ ಅನ್ನುತ್ತೇವೆ. ಪ್ರತಿ ಹಾರಾಟ ಮುಗಿದ ಮೇಲೆ ಏನು ಕೆಟ್ಟಿತು ಎಂದು ಕ್ಯಾಪ್ಟನ್ ಅದರಲ್ಲಿ ಬರೆಯಬೇಕು. ಏನೂ ಕೆಟ್ಟಿಲ್ಲದಿದ್ದರೆ ‘ನಿಲ್’ ಎಂದು ಬರೆದು ಸಹಿ ಹಾಕಬೇಕು. ಬರೆದದ್ದನ್ನು ಎಂಜಿನಿಯರ್ ಸರಿಪಡಿಸುತ್ತಾರೆ, ಆಗದಿದ್ದರೆ ಮುಂದಕ್ಕೆ ಹಾಕುತ್ತಾರೆ. ಮುಂದಕ್ಕೆ ಹಾಕುವುದೂ ಮನಸ್ಸಿಗೆ ಬಂದಂತಲ್ಲ. ಯಾವ್ಯಾವ ಸಾಮಾನು ಕೆಟ್ಟಿದ್ದರೆ ಹಾರಬಹುದು, ಎಷ್ಟು ದಿನ, ಯಾವ ಷರತ್ತಿನ ಮೇಲೆ ಎಂಬುದಕ್ಕೆ ದಪ್ಪನೆಯ ಪಟ್ಟಿಯೇ ಇದೆ. ವೈಪರ್‌ಗೆ ಇರುವ ಷರತ್ತು ಮಕ್ಕಳಿಗೂ ಅರ್ಥವಾಗುವಂಥದ್ದು: ಮಳೆಯಿರುವ ಊರಿಂದ ಏರುವಂತಿಲ್ಲ, ಅಂಥ ಊರಿಗೆ ಹೋಗುವಂತಿಲ್ಲ. ಆಷಾಢದ ಕರಾವಳಿಯಲ್ಲಿ ಅದನ್ನು ಬರೆದರೆ ವಿಮಾನ ಅಲ್ಲೇ ಕೂರುತ್ತದೆ, ನಾವೂ ಕೂರುತ್ತೇವೆ.

ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ರೂಢಿಯಿದೆ, ಏನಿದ್ದರೂ ಮನೆ ಸೇರಿದ ಮೇಲೆ ಬರೆ ಎಂದು. ಮನೆ ಎಂದರೆ ವಿಮಾನದ ಮನೆ, ಬೆಂಗಳೂರು. ಹಾಗಾಗಿ ದಿನದ ಕೊನೆಯ ಹಾರಾಟದಲ್ಲಿ, ಬೆಂಗಳೂರು ಹತ್ತಿರವಾದಾಗಲೇ ಎಲ್ಲವೂ ಕೆಡುತ್ತದೆ. ಪುಸ್ತಕ ಓದಿದವರಿಗೆ ನಮ್ಮೂರಿನ ಗಾಳಿಯಲ್ಲೇ ಏನೋ ದೋಷವಿದೆ ಅನ್ನಿಸಬೇಕು. ಹೊಸದಾಗಿ ಕ್ಯಾಪ್ಟನ್ ಆದಾಗ ನಾನು ಕಂಡದ್ದನ್ನು ಕಂಡಲ್ಲೇ ಬರೆಯುತ್ತಿದ್ದೆ. ಒಂದು ದಿನ ಕ್ರ್ಯೂ ರೂಮಿನಲ್ಲಿ ಹಿರಿಯರೊಬ್ಬರು, “ಬಂದ್ರಪ್ಪಾ ಶ್ಯಾನುಭೋಗ್ರು! ಯಾರಾದ್ರೂ ಇನ್ನೊಂದು ಪೆನ್ ಕೊಡ್ರೋ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅಂದಿನಿಂದ ನನ್ನ ಬರವಣಿಗೆ ಕಮ್ಮಿಯಾಯಿತು. ಜಯನಗರದ ಮನೆಯಲ್ಲಿ ಅಜ್ಜಿಯೂ ಅವರ ತಂಗಿಯರೂ ಆಡುವ ಮಾತಿನ ನಡುವೆ ಬೆಳೆದವನು ನಾನು. ಎಂಥ ಮನಸ್ತಾಪವೂ ಅಲ್ಲಿ ಹುರುಳಿಕಾಯಿ ಸೋಸುತ್ತಾ ಆಡುವ ಮಾತಿನಲ್ಲೇ ತೀರುತ್ತಿತ್ತು. ವಿಮಾನದ ವಿಷಯವನ್ನೂ ಮಾತಿನಲ್ಲೇ ತೀರಿಸಬಹುದು ಎಂಬ ಭ್ರಮೆ ನನಗೆ ಅಲ್ಲಿಂದಲೇ ಬಂದಿರಬೇಕು.

ಕರಾವಳಿಯಲ್ಲಿ ‘ನಿಲ್’ ಎಂದೇ ಬರೆದು ವಾಪಸು ಬೆಂಗಳೂರಿಗೆ ಬಂದಾಗ ಎಳೆಬಿಸಿಲು. ನಮ್ಮ ಎಂಜಿನಿಯರ್ ಕಾಕ್‌ಪಿಟ್‌ಗೆ ಬಂದರು. ರಿಟೈರ್ ಆಗಲು ಎರಡು ವರ್ಷವಿದ್ದ, ಮಿತಭಾಷಿ ಮನುಷ್ಯ. ನಾನು ವೈಪರ್ ಕಥೆಯನ್ನು ಅಭಿನಯಿಸಿಯೇ ಹೇಳಿದೆ. ಕೈಯನ್ನು ಕಡ್ಡಿಯಂತೆ ಆಡಿಸಿ, ನಡುವೆ ನಿಲ್ಲಿಸಿ, ಕಣ್ಣು ಬಿಟ್ಟು ತೋರಿಸಿದೆ. ಅವರು ನಗಲಿಲ್ಲ.

“ಬರೀತೀರಾ ಸಾರ್?”

“ಆಮೇಲೆ ಸರಿಯಾಗೇ ಓಡ್ತಲ್ಲ. ನೀವೇ ಒಂದ್ಸಲ ಓಡಿಸಿ ನೋಡಿಬಿಡಿ.”

“ಒಣಗಿದ ಗಾಜಿನ ಮೇಲೆ ಓಡ್ಸಿದ್ರೆ ಗೀರು ಬೀಳುತ್ತೆ ಸಾರ್. ನೀರು ತರಿಸ್ಬೇಕು, ಏಣಿ ಹಾಕಿಸ್ಬೇಕು. ನೀವು ಬರೆದ್ರೆ ತರಿಸ್ತೀನಿ. ಬರೀದೆ ಇದ್ರೆ ನೀವು ನನಗೆ ಏನೂ ಹೇಳೇ ಇಲ್ಲ ಅಂತ ಲೆಕ್ಕ.”

ಆ ತಿಂಗಳು ನನ್ನ ಹೆಸರು ತರಬೇತುದಾರರ ಪಟ್ಟಿಗೆ ಶಿಫಾರಸಾಗಿ ಹೋಗಿತ್ತು. ವಿಮಾನ ನಿಲ್ಲಿಸಿದವನು ಎಂಬ ಮಾತು ಆಗ ಬೇಡವಾಗಿತ್ತು. ‘ನಿಲ್’ ಎಂದು ಬರೆದು ಸಹಿ ಹಾಕಿ, ಅವರ ಭುಜ ತಟ್ಟಿ ಇಳಿದೆ.

ದೇವನಹಳ್ಳಿಯಿಂದ ಜೆ.ಪಿ. ನಗರಕ್ಕೆ ಎರಡು ಗಂಟೆ ದಾರಿ. ಕಂಪನಿಯ ಕ್ಯಾಬಿನಲ್ಲಿ ದಿನವೂ ಬರುವ ನಿದ್ದೆ ಅಂದು ಬರಲಿಲ್ಲ. ಮೇಖ್ರಿ ಸರ್ಕಲ್ ಬಳಿ ಫೋನ್ ತೆಗೆದು ಆ ವಿಮಾನ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಮಧ್ಯಾಹ್ನ ಒಂದು ಸಲ ಮಳೆಯಿಲ್ಲದ ಊರಿಗೆ, ಆಮೇಲೆ ನಾಲ್ಕು ಗಂಟೆಗೆ ಮತ್ತೆ ಅದೇ ಕರಾವಳಿಗೆ. ನಾಲ್ಕರ ಕ್ಯಾಪ್ಟನ್ ಯಾರೆಂದು ನೋಡಿದೆ. ನನ್ನ ಜೊತೆ ಎರಡು ವರ್ಷ ಕೋಪೈಲಟ್ ಆಗಿ ಹಾರಿದ ಹುಡುಗಿ, ಕ್ಯಾಪ್ಟನ್ ಕೂರುವ ಎಡಗಡೆ ಸೀಟಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಅವಳು ಪುಸ್ತಕ ತೆರೆದರೆ ನನ್ನ ‘ನಿಲ್’ ಕಾಣುತ್ತದೆ. ನನ್ನ ಅಕ್ಷರವನ್ನು ಅವಳು ಅನುಮಾನಿಸುವುದಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆ. ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಕರಾವಳಿಯ ಹವಾಮಾನ ನೋಡಿದೆ. ಮಳೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ. ಹತ್ತು ನಿಮಿಷದಲ್ಲಿ ಆಷಾಢ ಮುಗಿಯುತ್ತದೆಯೇ?

“ಏನ್ರೀ ಅದು, ಬಾಗಿಲಿಗೂ ಸೋಫಾಗೂ ಸವಾರಿ?” ಅಂದಳು ಹೆಂಡತಿ. ಉತ್ತರಹಳ್ಳಿಯಲ್ಲಿರುವ ಅವಳ ತಂಗಿಯ ಮನೆಯಲ್ಲಿ ಊಟಕ್ಕೆ ಕರೆದಿದ್ದರು. “ಬೇಗ ಹೊರಡಿ, ಅವಳು ಎಲೆ ಹಾಕಿ ಕಾಯ್ತಿರ್ತಾಳೆ.”

ಆಟೋ ಹತ್ತಿದೆವು. ಸಾರಕ್ಕಿ ಸಿಗ್ನಲ್ ದಾಟುವಷ್ಟರಲ್ಲಿ ಹನಿ ಶುರುವಾಗಿ ದಪ್ಪವಾಯಿತು. ಡ್ರೈವರ್ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಹೊರಗೆ ಚಾಚಿ ಬಟ್ಟೆಯಲ್ಲಿ ಗಾಜು ಒರೆಸತೊಡಗಿದ.

“ವೈಪರ್ ಇಲ್ವೇನಪ್ಪಾ?” ನನ್ನ ದನಿ ನನಗೇ ಗಡಸಾಗಿ ಕೇಳಿಸಿತು.

“ಐತೆ ಸಾರ್, ಹೋದ ತಿಂಗ್ಳಿಂದ ಓಡ್ತಿಲ್ಲ. ಮಳೆ ಬಂದಾಗ ಗ್ಯಾರೇಜ್ ನೆನಪಾಯ್ತದೆ, ನಿಂತ್ಮೇಲೆ ಮರ್ತೋಯ್ತದೆ.”

“ನಿಧಾನಕ್ಕೆ ಹೋಗಪ್ಪಾ” ಅಂದಳು ಹೆಂಡತಿ. ಆಮೇಲೆ ನನ್ನ ಮುಖ ನೋಡಿ, “ನಿಮಗೇನಾಯ್ತು?”

ನಾನು ಆಗಲೇ ಎಂಜಿನಿಯರ್ ನಂಬರ್ ಒತ್ತಿದ್ದೆ. ಮುಂದಿನ ಪಾಳಿಯವರಿಗೆ ವೈಪರ್ ವಿಷಯ ಹೇಳಿದಿರಾ ಎಂದು ಕೇಳಿದೆ.

“ಪುಸ್ತಕದಲ್ಲಿ ಇದ್ದಿದ್ದನ್ನ ಹೇಳ್ದೆ ಸಾರ್” ಅಂದರು. “ಅದರಲ್ಲಿ ನಿಲ್ ಇತ್ತು. ನಾನೀಗ ಮನೇಲಿದೀನಿ. ಹಾರಿಸೋರಿಗೇ ಹೇಳ್ಬಿಡಿ.”

ಆ ಹುಡುಗಿಗೆ ಫೋನ್ ಮಾಡಿದೆ. ಏರ್‌ಪೋರ್ಟ್ ದಾರಿಯಲ್ಲಿದ್ದಳು. “ಹೇಳಿ ಸಾರ್! ಏನು ಅಪರೂಪಕ್ಕೆ?” ಎಂದು ನಗುತ್ತಲೇ ಎತ್ತಿದಳು. ನಾನು ಬೆಳಗಿನ ಮೋಡ, ಮಳೆ, ದೀಪ ಎಂದು ಶುರುಮಾಡಿದೆ.

“ಸಾರ್, ಸ್ವಲ್ಪ ಬೇಗ ಹೇಳ್ತೀರಾ? ಏನ್ ಕೆಟ್ಟಿದೆ?”

“ಎಡಗಡೆ ವೈಪರ್. ಇಳಿಯೋವಾಗ ಏಳೆಂಟು ಸೆಕೆಂಡ್ ನಿಂತಿತ್ತು.”

“ಎಷ್ಟು ಎತ್ತರದಲ್ಲಿ?”

“ದೀಪ ಕಂಡ ಕೂಡ್ಲೆ.”

ಅವಳ ಕಾರಿನ ಇಂಡಿಕೇಟರ್ ಸದ್ದು ನನಗೆ ಕೇಳುತ್ತಿತ್ತು.

“ಲಾಗ್‌ನಲ್ಲಿ ಇದೆಯಾ ಸಾರ್?”

“ಇಲ್ಲಮ್ಮ.”

“ಸಾರ್, ನೀವು ಬರೀದೆ ಬಿಟ್ರಾ?” ಬೈಗುಳವಿರಲಿಲ್ಲ ಅದರಲ್ಲಿ. ನಿಜವಾದ ಆಶ್ಚರ್ಯವಿತ್ತು, ಅದು ಹೆಚ್ಚು ನೋಯಿಸಿತು. “ಸರಿ, ನಾನು ಬರೀತೀನಿ. ಬೆಳಗಿನ ಕ್ಯಾಪ್ಟನ್ ಫೋನಿನಲ್ಲಿ ತಿಳಿಸಿದ್ದು ಅಂತ ನಿಮ್ಮ ಹೆಸರು ಹಾಕ್ಬೇಕಾಗುತ್ತೆ.”

“ಹಾಕು.”

“ನೀವೂ ರಿಪೋರ್ಟ್ ಕಳಿಸಿ ಸಾರ್. ನಾನು ವಿಮಾನ ಹತ್ತೋದ್ರೊಳಗೆ.”

ನಾದಿನಿಯ ಮನೆಯಲ್ಲಿ ಎಲೆಯ ಮುಂದೆ ಕೂತೆ. ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. “ಭಾವ, ಇವತ್ತು ಕಥೆ ಇಲ್ವಾ? ಪ್ಲೇನಲ್ಲಿ ಯಾರೂ ಜಗಳ ಆಡ್ಲಿಲ್ವಾ?” ಎಂದು ನಾದಿನಿ ಕೆಣಕಿದಳು. ಅರ್ಧ ಹೋಳಿಗೆ ತಿಂದು ಕೈತೊಳೆದು, ಅವರ ಟೆರೇಸ್‌ನ ಶೀಟಿನ ಕೆಳಗೆ ನಿಂತು ಫೋನಿನಲ್ಲಿ ರಿಪೋರ್ಟ್ ಬರೆದೆ. ಬೆರಳು ನಿಲ್ಲಲಿಲ್ಲ. ಮಳೆಯ ರಭಸ, ಕೆಲಸದ ಒತ್ತಡ, ರೂಢಿ, ಎಂಜಿನಿಯರ್‌ಗೆ ಬಾಯಲ್ಲಿ ಹೇಳಿದ್ದೆ ಎಂಬ ಸಮಜಾಯಿಷಿ, ಎಲ್ಲವೂ ಬಂತು.

ಹೆಂಡತಿ ಹಿಂದೆಯೇ ಬಂದು ಫೋನ್ ಇಸಿದುಕೊಂಡು ಓದಿದಳು. “ಇದರಲ್ಲಿ ವೈಪರ್ ಎಲ್ಲಿದೆ ಹುಡುಕ್ಬೇಕು” ಅಂದಳು. “ನಿಂತಿದ್ದು, ನೀವು ಬರೀದೆ ಇದ್ದಿದ್ದು. ಅಷ್ಟು ಸಾಕಲ್ವೇನ್ರೀ?”

“ಟ್ರೈನರ್ ಆಗೋದು ಹೋಗುತ್ತೆ ಕಣೇ.”

“ಕೆಲಸ?”

“ಅದು ಹೋಗಲ್ಲ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ?” ಅಂದಳು. ಆದರೂ ಫೋನ್ ವಾಪಸು ಕೊಟ್ಟಳು. ನಾಲ್ಕು ಸಾಲು ಉಳಿಸಿ ಮಿಕ್ಕಿದ್ದನ್ನು ಅಳಿಸಿ ಕಳಿಸಿದೆ. ಗಂಟೆ ಮೂರು ಹತ್ತು.

ಆಮೇಲಿನ ಹೊತ್ತು ಸಾಗಲೇ ಇಲ್ಲ. ನಾದಿನಿಯ ಮನೆಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದೆನೋ. ಐದೂ ಕಾಲಿಗೆ ಅವಳ ಸಂದೇಶ ಬಂತು. ಗಾಜಿಗೆ ನೀರು ಹಾಯಿಸುತ್ತಾ ವೈಪರ್ ಓಡಿಸಿದ್ದಾರೆ. ಐದು ನಿಮಿಷ ಚೆನ್ನಾಗಿಯೇ ಓಡಿದೆ, ಆರನೆಯ ನಿಮಿಷಕ್ಕೆ ನಿಂತಿದೆ, ಮತ್ತೆ ಏಳಲಿಲ್ಲ. ಮೋಟಾರ್ ಸ್ಟೋರ್‌ನಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಮುಂದಕ್ಕೆ ಹಾಕಿ, ವೈಪರ್ ಸ್ವಿಚ್‌ಗೆ ಕೆಟ್ಟಿದೆ ಎಂಬ ಚೀಟಿ ಅಂಟಿಸಿ, ಆ ವಿಮಾನವನ್ನು ಬಿಸಿಲಿನ ಊರಿಗೆ ಕಳಿಸಿದರು. ಅವಳು ಬೇರೆ ವಿಮಾನದಲ್ಲಿ ಕರಾವಳಿಗೆ ಹೊರಟಿದ್ದಳು, ಒಂದೂವರೆ ಗಂಟೆ ತಡವಾಗಿ.

ಮೂರು ದಿನದ ಮೇಲೆ ನಮ್ಮ ಮೇಲಧಿಕಾರಿ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ನನ್ನ ನಾಲ್ಕು ಸಾಲಿತ್ತು, ಪಕ್ಕದಲ್ಲಿ ಅವಳ ಒಂದು ಸಾಲು. ಆ ಹೊತ್ತಿಗೇ ಯಾಕೆ ಬರೆಯಲಿಲ್ಲ ಎಂದು ಕೇಳಿದರು. ದಾರಿಯುದ್ದಕ್ಕೂ ಒಂದು ಒಳ್ಳೆಯ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಬಿಟ್ಟು, “ಬರೆದಿದ್ರೆ ವಿಮಾನ ನಿಲ್ತಿತ್ತು ಸಾರ್. ನಿಲ್ಲಿಸ್ದೋನು ಅಂತ ಅನ್ನಿಸ್ಕೊಳೋಕೆ ಇಷ್ಟ ಇರ್ಲಿಲ್ಲ” ಅಂದೆ. ಅವರು ಬರೆದುಕೊಂಡರು. ತರಬೇತುದಾರರ ಪಟ್ಟಿ ಮುಂದಿನ ತಿಂಗಳು ಬಂತು, ಅದರಲ್ಲಿ ನನ್ನ ಹೆಸರಿರಲಿಲ್ಲ.